ಕ್ಯಾರೊಲಿನಾದ ಸೊಕ್ಕು, ಗೋಕಾಕದ ನೂಲು

ಗೋಕಾಕ ಫಾಲ್ಸಿನ ತೂಗುಸೇತುವೆಯ ನಟ್ಟನಡುವೆ ನಿಂತಿದ್ದೆ. ಕಾಲ ಕೆಳಗೆ ಹಲಗೆ ತೊನೆಯುತ್ತಿತ್ತು. ಕಾಲಡಿಯಲ್ಲೇ ಹಾದ ಘಟಪ್ರಭೆ ತುಸು ಮುಂದೆ ಬಂಡೆಯ ಅಂಚಿಗೆ ಬಂದು, 52 ಮೀಟರ್ ಕೆಳಕ್ಕೆ ಒಮ್ಮೆಲೇ ಧುಮುಕುತ್ತಿತ್ತು. ಆಷಾಢದ ನೀರು, ಕದಡಿದ ಕೆಮ್ಮಣ್ಣಿನ ಬಣ್ಣ. ಎದುರಿನ ದಂಡೆಯ ಮೇಲೆ ಕಲ್ಲಿನ ಗೋಡೆಯ ಗಿರಣಿ. ಅದನ್ನು ನೋಡುತ್ತಿದ್ದಂತೆ ಒಂದು ಪ್ರಶ್ನೆ ತಲೆ ಹೊಕ್ಕಿತು. ಮುಂದೆ ತಿಂಗಳುಗಟ್ಟಲೆ ಅದು ನನ್ನನ್ನು ಮಲಗಗೊಡಲಿಲ್ಲ.

ಮುಂಬಯಿ ಅಲ್ಲ, ಅಹಮದಾಬಾದ್ ಅಲ್ಲ. ಈ ಬಂಡೆಗಲ್ಲಿನ ಕೊರಕಲಿನ ಮೇಲೆ, 1887ರಷ್ಟು ಹಿಂದೆ ನೂಲಿನ ಗಿರಣಿ ಬಂದದ್ದಾದರೂ ಯಾಕೆ?

ಗಿರಣಿಯಲ್ಲಿ ಮೂವತ್ತು ವರ್ಷ ಪಾಳಿ ಮಾಡಿ ನಿವೃತ್ತರಾದ ಅಜ್ಜ ಒಬ್ಬರು ಚಹಾದಂಗಡಿಯ ಕಟ್ಟೆಯ ಮೇಲೆ ಕೂತಿದ್ದರು. ಕೇಳಿದೆ. ಅಜ್ಜ ಚಹಾದ ಬಟ್ಟಲು ಕೆಳಗಿಡಲೂ ಇಲ್ಲ. "ನೀರಿತ್ತು, ಹತ್ತಿ ಇತ್ತು, ದುಡಿಯೂ ಮಂದಿ ಇದ್ರು. ಮತ್ತೇನ ಬೇಕ್ ತಮ್ಮಾ?"

ನೀರು ಕಣ್ಣೆದುರೇ ಇತ್ತು. ಮಂದಿಯೂ ಸರಿ. ನಾನು ಸಿಕ್ಕಿಬಿದ್ದದ್ದು ನಡುವಿನ ಮಾತಿನಲ್ಲಿ. ಹತ್ತಿ ಇತ್ತು. ಯಾವ ಹತ್ತಿ? ಎಲ್ಲಿಂದ ಬಂದದ್ದು? ಆ ಎಳೆಯನ್ನು ಹಿಡಿದು ಎಳೆದೆ. ಅದು ಗೋಕಾಕ ಬಿಟ್ಟಿತು, ಧಾರವಾಡ ದಾಟಿತು, ಕಡಲಿಗಿಳಿಯಿತು. ಕೊನೆಗೆ ಅದರ ತುದಿ ಸಿಕ್ಕಿದ್ದು ಭೂಗೋಳದ ಇನ್ನೊಂದು ಮಗ್ಗುಲಲ್ಲಿ, ಅಮೆರಿಕದ ದಕ್ಷಿಣ ಕ್ಯಾರೊಲಿನಾದ ಒಬ್ಬ ಜಮೀನ್ದಾರನ ಅಂಗಳದಲ್ಲಿ!

ಅವನ ಹೆಸರು ಜೇಮ್ಸ್ ಹೆನ್ರಿ ಹ್ಯಾಮಂಡ್. ಗೋಕಾಕದ ಹೆಸರನ್ನು ಅವನು ಬಹುಶಃ ಜನ್ಮದಲ್ಲಿ ಕೇಳಿರಲಿಕ್ಕಿಲ್ಲ. ಆದರೆ ಅವನು ತುಂಬಿದ ಸಭೆಯಲ್ಲಿ ಹಾಕಿದ ಒಂದು ಸವಾಲಿಗೆ ಉತ್ತರ ಹೋದದ್ದರಲ್ಲಿ ನಮ್ಮ ಎರಿ ಮಣ್ಣಿಗೂ ಪಾಲಿದೆ.

ಹ್ಯಾಮಂಡ್ ಹುಟ್ಟಿದ್ದು 1807ರ ನವೆಂಬರ್ 15ರಂದು. ಹುಟ್ಟಿನಿಂದ ಸಿರಿವಂತನಲ್ಲ, ಶಾಲಾ ಮಾಸ್ತರನ ಮಗ. ಓದಿನಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಕಾಲೇಜು ಮುಗಿಸಿದ, ವಕೀಲಿ ಹಿಡಿದ, ಪತ್ರಿಕೆ ನಡೆಸಿದ. 1831ರಲ್ಲಿ ಅವನ ಹಣೆಬರಹವೇ ತಿರುಗಿತು. ಕ್ಯಾಥರೀನ್ ಫಿಟ್ಜ್‌ಸೈಮನ್ಸ್ ಎಂಬ ಸಿರಿವಂತರ ಮನೆಯ ಹುಡುಗಿಯ ಕೈಹಿಡಿದ. ಆ ಕೈಯ ಜೊತೆ ಸವಾನಾ ನದಿಯ ದಂಡೆಯ ಸಾವಿರಾರು ಎಕರೆ ಬಂತು. ಸಿಲ್ವರ್ ಬ್ಲಫ್ ಎಂಬ ಆ ಜಮೀನಿನೊಂದಿಗೆ 147 ಜನ ಮನುಷ್ಯರೂ ಬಂದರು. ಎತ್ತು, ಬಂಡಿ, ನೇಗಿಲುಗಳ ಯಾದಿಯಲ್ಲಿ ಬರೆಯಿಸಿಕೊಂಡು ಬಂದ ಗುಲಾಮರು ಅವರು! ಮಾಸ್ತರನ ಮಗ ಒಂದೇ ಮದುವೆಯಲ್ಲಿ ಧಣಿಯಾದ.

ಅಲ್ಲಿಂದ ಮುಂದೆ ಏರಿದ್ದೇ ಏರಿದ್ದು. 1835ರಲ್ಲಿ ಅಮೆರಿಕದ ಸಂಸತ್ತು ಸೇರಿದ. ಆ ವರ್ಷದ ಡಿಸೆಂಬರ್‌ನಲ್ಲೇ ಎದ್ದುನಿಂತು, ಗುಲಾಮಗಿರಿ ನಿಲ್ಲಿಸಿರೆಂದು ಜನ ಕಳಿಸುವ ಅರ್ಜಿಗಳನ್ನು ಸಭೆ ಒಳಗೇ ಬಿಟ್ಟುಕೊಳ್ಳಬಾರದು ಎಂದ. ಮರುವರ್ಷ ಅಂಥ ಅರ್ಜಿಗಳ ಬಾಯಿ ಕಟ್ಟುವ ನಿಯಮವೇ ಬಂತು. 1842ರಿಂದ 1844ರವರೆಗೆ ದಕ್ಷಿಣ ಕ್ಯಾರೊಲಿನಾದ ಗವರ್ನರ್ ಆದ. 1845ರಲ್ಲಿ ಇಂಗ್ಲೆಂಡಿನ ಗುಲಾಮಗಿರಿ ವಿರೋಧಿ ಥಾಮಸ್ ಕ್ಲಾರ್ಕ್‌ಸನ್‌ಗೆ ಪತ್ರಗಳನ್ನು ಬರೆದು, ಗುಲಾಮಗಿರಿಯೇ ಧರ್ಮ ಎಂದು ವಾದಿಸಿದ.

ನಡುವೆ ಒಂದು ಕತ್ತಲ ಕೋಣೆಯಿದೆ. ಹೆಂಡತಿಯ ಅಕ್ಕನ ಹೆಣ್ಣುಮಕ್ಕಳ ಮೇಲೆ, ಆಗಷ್ಟೇ ಹರೆಯಕ್ಕೆ ಕಾಲಿಟ್ಟವರ ಮೇಲೆ ಕೈಹಾಕಿದ್ದ. ಅವರ ತಂದೆಯೂ ಪ್ರಬಲ ಜಮೀನ್ದಾರನೇ. ಸುದ್ದಿ ಮೆಲ್ಲಗೆ ಹಬ್ಬಿತು. ಹತ್ತು ವರ್ಷಕ್ಕೂ ಮಿಕ್ಕಿ ಹ್ಯಾಮಂಡ್ ರಾಜಕೀಯದಿಂದ ದೂರ ಕೂರಬೇಕಾಯಿತು. ಇದು ಅವನ ವೈರಿಗಳು ಕಟ್ಟಿದ ಕಥೆಯೇ? ಅಲ್ಲ! ಅವನೇ ತನ್ನ ಗುಟ್ಟಿನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಆ ದಿನಚರಿ 1988ರಲ್ಲಿ ಅಚ್ಚಾಗಿ ಹೊರಬಂತು. ತನ್ನ ಗುಲಾಮ ಹೆಣ್ಣುಗಳಿಗೆ ಅವನು ಮಾಡಿದ್ದೂ ದಾಖಲೆಯಲ್ಲಿದೆ. ಆ ಹೆಣ್ಣುಗಳ ತಂದೆತಾಯಿಗಳಿಗೆ ದೂರು ಕೊಡಲು ಯಾವ ಚಾವಡಿಯೂ ಇರಲಿಲ್ಲ.

ಆದರೂ ಅವನು ತಿರುಗಿ ಬಂದ. 1857ರಲ್ಲಿ ಸೆನೆಟ್ ಸದಸ್ಯನಾದ. ಅದೇ ವರ್ಷ ನಮ್ಮ ಕಡೆ ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲವೆಂದು ಸರಕಾರಕ್ಕೆ ತಿರುಗಿಬಿದ್ದಿದ್ದರು. ಮರುವರ್ಷ, 1858ರ ಮಾರ್ಚ್ 4. ಅಂದು ಹ್ಯಾಮಂಡ್ ಸೆನೆಟ್‌ನಲ್ಲಿ ಎದ್ದುನಿಂತು ಆಡಿದ ಮಾತು ಅವನ ಹೆಸರನ್ನು ಚರಿತ್ರೆಯಲ್ಲಿ ಕೆತ್ತಿತು.

ಮಾತಿನ ಸಾರ ಇಷ್ಟು. ಹತ್ತಿಯೇ ರಾಜ. ಭೂಮಿಯ ಮೇಲಿನ ಯಾವ ಶಕ್ತಿಯೂ ಹತ್ತಿಯ ಮೇಲೆ ಯುದ್ಧ ಹೂಡಲಾರದು. ನಾವು ಮೂರು ವರ್ಷ ಹತ್ತಿ ಕೊಡದಿದ್ದರೆ ಇಂಗ್ಲೆಂಡ್ ತಲೆಕೆಳಗಾಗಿ ಉರುಳುತ್ತದೆ, ಜೊತೆಗೆ ಇಡೀ ನಾಗರಿಕ ಜಗತ್ತನ್ನೂ ಎಳೆದುಕೊಂಡು ಬೀಳುತ್ತದೆ.

ಅದೇ ಭಾಷಣದಲ್ಲಿ ಇನ್ನೊಂದು ಮಾತು. ಯಾವ ಸಮಾಜವಾದರೂ ನಿಲ್ಲಬೇಕಾದರೆ ಅಡಿಯಲ್ಲಿ ಒಂದು ವರ್ಗ ಇರಲೇಬೇಕು. ಮನೆ ಕಟ್ಟುವಾಗ ಕೆಸರಿನಲ್ಲಿ ಹೂಳುವ ತೊಲೆಯಂತೆ. ಅದು ಕೆಸರಿನಲ್ಲೇ ಇರಬೇಕು, ಮೇಲಿನವರು ಅದರ ಮೇಲೆ ಮಹಡಿ ಕಟ್ಟಬೇಕು.

ಸೊಕ್ಕಿನ ಮಾತು, ನಿಜ. ಆದರೆ ಪೊಳ್ಳಲ್ಲ. ಆಗ ಬ್ರಿಟನ್ನಿನ ಗಿರಣಿಗಳು ನೂಲುತ್ತಿದ್ದ ಹತ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಅಮೆರಿಕದ ದಕ್ಷಿಣದಿಂದಲೇ ಹೋಗುತ್ತಿತ್ತು. ಲ್ಯಾಂಕಾಶೈರ್‌ನ ಲಕ್ಷಾಂತರ ಮಂದಿಯ ಅನ್ನ ಆ ಅರಳೆಯ ಮೇಲೆ ನಿಂತಿತ್ತು. ಇಂಗ್ಲೆಂಡಿನ ಗೋಣು ತನ್ನ ಕೈಯಲ್ಲಿದೆ ಎಂದು ಹ್ಯಾಮಂಡ್ ತಿಳಿದದ್ದರಲ್ಲಿ ಆಶ್ಚರ್ಯವೇನು?

ಇಲ್ಲಿಗೆ ಓದಿ ನಾನು ಪುಸ್ತಕ ಮುಚ್ಚಿಡಬಹುದಿತ್ತು. ಆದರೆ ಇನ್ನೊಂದು ಮೇಜಿನ ಮೇಲೆ ಧಾರವಾಡದ ಹತ್ತಿಯ ಹಳೆಯ ಕಥೆ ಬಿಚ್ಚಿ ಕೂತಿತ್ತು. ಎರಡರ ವರ್ಷಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವನು ಕುರ್ಚಿಯಿಂದ ಎದ್ದೇಬಿಟ್ಟೆ.

ಹ್ಯಾಮಂಡ್ ಈ ಮಾತು ಆಡುವ ಹೊತ್ತಿಗೆ ಅವನ ನಾಡಿನ ಹತ್ತಿಯ ಬೀಜ ನಮ್ಮ ಎರಿಯಲ್ಲಿ ಬೇರು ಬಿಟ್ಟು ಹದಿನೈದು ವರ್ಷದ ಹತ್ತಿರವಾಗಿತ್ತು! ಅದನ್ನು ತಂದವರು? ಅವನ ನಾಡಿನವರೇ!

ನಡೆದದ್ದು ಹೀಗೆ. ಇಂಗ್ಲೆಂಡಿನ ಗಿರಣಿ ಧಣಿಗಳಿಗೆ ಒಂದೇ ನಾಡನ್ನು ನಂಬಿ ಕೂರುವ ಅಂಜಿಕೆ ಮೊದಲಿನಿಂದಲೂ ಇತ್ತು. ಅವರ ಒತ್ತಾಯಕ್ಕೆ ಈಸ್ಟ್ ಇಂಡಿಯಾ ಕಂಪನಿ ಬೇಲ್ಸ್ ಎಂಬ ಕ್ಯಾಪ್ಟನ್ನನನ್ನು ಅಮೆರಿಕದ ದಕ್ಷಿಣಕ್ಕೆ ಕಳಿಸಿತು. ಅವನು ಅಲ್ಲಿ ಹತ್ತು ಮಂದಿ ಅನುಭವಸ್ಥ ಹತ್ತಿ ಬೆಳೆಗಾರರನ್ನು ಸಂಬಳಕ್ಕೆ ಗೊತ್ತುಮಾಡಿದ. 1840ರಲ್ಲಿ ಅವರು ಬೀಜದ ಚೀಲ, ಹತ್ತಿ ಬಿಡಿಸುವ ಯಂತ್ರಗಳ ಸಮೇತ ಭಾರತಕ್ಕೆ ಬಂದಿಳಿದರು. ಗುಲಾಮರ ಬೆನ್ನ ಮೇಲೆ ಹತ್ತಿ ಬೆಳೆದ ನಾಡಿನಿಂದ ನಮ್ಮ ರೈತರಿಗೆ ಹತ್ತಿ ಬೆಳೆಯುವ ಪಾಠ ಹೇಳಲು!

ಪಾಠದ ಗತಿ ಏನಾಯಿತೆಂದು ಕೇಳಿ. ಹೆಚ್ಚಿನ ಕಡೆ ಬೀಜ ಮೊಳೆತು ಒಣಗಿತು. ಮಳೆ ಅವರು ಎಣಿಸಿದಂತೆ ಬರಲಿಲ್ಲ, ಮಣ್ಣು ಅವರ ಮಾತು ಕೇಳಲಿಲ್ಲ. ಅವರಲ್ಲಿ ಮರ್ಸರ್ ಎಂಬವನ ಬಂಗಲೆ ಒಮ್ಮೆ ಸುಟ್ಟು ಬೂದಿಯಾಗಿ, ಮೈಮೇಲಿನ ಬಟ್ಟೆಯ ಹೊರತು ಅವನಿಗೆ ಏನೂ ಉಳಿಯಲಿಲ್ಲ. ಅದೇ ಮರ್ಸರ್ 1840ರ ದಶಕದಲ್ಲಿ ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿಗೆ ಬಂದು ಪ್ರಯೋಗದ ಹೊಲ ಹೂಡಿದ. ಕೊನೆಗೆ ಅವನೂ ಬೇಸತ್ತು, ಈ ಖರ್ಚೆಲ್ಲ ದಂಡ ಎಂದ.

ದಂಡವಾಗಲಿಲ್ಲ! ಸಾಹೇಬರ ಹೊಲದಲ್ಲಿ ಸೋತ ಬೀಜ ರೈತರ ಹೊಲದಲ್ಲಿ ಗೆದ್ದಿತು. ಧಾರವಾಡದ ಕಲೆಕ್ಟರ್ ಶಾ ಹುರುಪು ತುಂಬಿದ. ನಮ್ಮ ರೈತ ಆ ಬೀಜವನ್ನು ತನ್ನ ಕೂರಿಗೆಯಲ್ಲಿ, ತನ್ನ ಹದ ನೋಡಿ, ತನ್ನ ಹಿಂಗಾರಿ ಲೆಕ್ಕದಲ್ಲಿ ಬಿತ್ತಿದ. ನ್ಯೂ ಆರ್ಲಿಯನ್ಸ್‌ನ ಬೀಜ ಧಾರವಾಡದ ಎರಿಗೆ ಒಗ್ಗಿತು. ಅದಕ್ಕೊಂದು ಹೊಸ ಹೆಸರೇ ಹುಟ್ಟಿತು, ಧಾರವಾಡ-ಅಮೆರಿಕನ್. ಆ ಹತ್ತು ಮಂದಿ ಭಾರತದುದ್ದಕ್ಕೂ ಮಾಡಿದ ಪ್ರಯೋಗಗಳಲ್ಲಿ ಬಹುಕಾಲ ನಿಂತು ಬೆಳೆದದ್ದು ಮುಖ್ಯವಾಗಿ ಇಲ್ಲಿ, ಕನ್ನಡದ ನೆಲದಲ್ಲಿ.

ನಮ್ಮ ಜವಾರಿ ಹತ್ತಿಯ ಎಳೆ ಗಿಡ್ಡ. ಪೇಟೆಯಲ್ಲಿ ಅದರ ಹೆಸರು ಕುಮಟಾ ಹತ್ತಿ, ಹೋಗುತ್ತಿದ್ದ ಬಂದರಿನ ಹೆಸರು. ಅದರ ಕಾಳು ಬೇರ್ಪಡಿಸುವುದು ಹೆಂಗಸರ ಕೆಲಸವಾಗಿತ್ತು. ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಇಟ್ಟು, ಕಬ್ಬಿಣದ ಸರಳನ್ನು ಅಂಗಾಲಿನಿಂದ ಉರುಳಿಸುತ್ತಿದ್ದರು. ಅಮೆರಿಕದ ಹತ್ತಿಗೆ ಅದು ಸಾಲದು. ಕಾಳಿಗೆ ಅರಳೆ ಕಚ್ಚಿ ಹಿಡಿದಿರುತ್ತದೆ. ಅದಕ್ಕೆಂದೇ ಗರಗಸದ ಹಲ್ಲಿನ ಯಂತ್ರ ಧಾರವಾಡಕ್ಕೆ ಬಂತು. ಎಲೈ ವಿಟ್ನಿ 1793ರಲ್ಲಿ ಕಟ್ಟಿದ ಯಂತ್ರದ ವಂಶ ಅದು. ಅಮೆರಿಕದಲ್ಲಿ ಹತ್ತಿಯ ಸಾಮ್ರಾಜ್ಯವನ್ನೂ ಗುಲಾಮಗಿರಿಯನ್ನೂ ಒಟ್ಟಿಗೇ ಹಿಗ್ಗಿಸಿದ ಯಂತ್ರ! ಅದು ಬಿಡಿಸಿದ ಅರಳೆಗೆ ಲಿವರ್‌ಪೂಲ್ ಪೇಟೆಯಲ್ಲಿ ಧಾರವಾಡದ ಹೆಸರಿನಲ್ಲೇ ಬೇರೆ ದರ ನಿಂತಿತು.

ಈಗ ಗಡಿಯಾರದ ಮುಳ್ಳು 1861ಕ್ಕೆ. ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಸಿಡಿಯಿತು. ಹ್ಯಾಮಂಡ್‌ನ ಬಳಗ ಅವನ ಮಾತನ್ನೇ ಮಂತ್ರವಾಗಿ ಜಪಿಸಿತು. ಹತ್ತಿ ತಡೆಯಿರಿ, ಇಂಗ್ಲೆಂಡ್ ಮಂಡಿಯೂರಿ ನಮ್ಮ ಕಡೆ ಬರುತ್ತದೆ! ಉತ್ತರದ ನೌಕಾಪಡೆಯೂ ಬಂದರುಗಳನ್ನು ಮುತ್ತಿತು. ಲ್ಯಾಂಕಾಶೈರ್‌ನ ಗಿರಣಿಗಳು ಒಂದೊಂದಾಗಿ ಮೌನವಾದವು. ಮಂದಿ ಗಂಜಿ ಕೇಂದ್ರದ ಎದುರು ಸಾಲುಗಟ್ಟಿದರು.

ಇಂಗ್ಲೆಂಡ್ ತತ್ತರಿಸಿತು. ಆದರೆ ಉರುಳಲಿಲ್ಲ!

ಅದಕ್ಕೆ ಕಾರಣ ಒಂದಲ್ಲ. ಗೋದಾಮಿನಲ್ಲಿ ಹಳೆಯ ದಾಸ್ತಾನು ಇತ್ತು. ಈಜಿಪ್ತಿನ ಹತ್ತಿ ಬಂತು. ಎಲ್ಲಕ್ಕಿಂತ ಹೆಚ್ಚಾಗಿ ಭಾರತದ ಹತ್ತಿ ಹೊರಟಿತು. 1862ರಲ್ಲಿ ಬ್ರಿಟನ್ನಿಗೆ ಇಳಿದ ಹತ್ತಿಯಲ್ಲಿ ಬಹುಪಾಲು ಭಾರತದ್ದು. ಕಣ್ಣು ಮುಚ್ಚಿ ಆ ದೃಶ್ಯ ನೆನೆಯಿರಿ. ಧಾರವಾಡ, ಹುಬ್ಬಳ್ಳಿ, ಗದಗಿನ ಬಂಡಿಗಳು ದೇವಿಮನೆ ಘಟ್ಟದ ತಿರುವಿನಲ್ಲಿ ಕುಮಟೆಯ ಕಡೆಗೆ. ಬೆಳಗಾವಿ ಸೀಮೆಯ ಬಂಡಿಗಳು ಘಟ್ಟ ಇಳಿದು ವೆಂಗುರ್ಲಾ ಬಂದರಿಗೆ. ಎತ್ತಿನ ಕೊರಳ ಗಂಟೆ, ಕೀಲಿನ ಕಿರ್ರೆನ್ನುವ ಸದ್ದು, ಬಂಡಿ ತುಂಬ ಹತ್ತಿಯ ಅಂಡಗಿ. ಗೋಕಾಕ-ಮೂಡಲಗಿ ಸೀಮೆಯ ಎರಿ ಹೊಲದ ರೈತನಿಗೆ ಆ ಯುದ್ಧದ ರಣರಂಗ ಗೆಟ್ಟಿಸ್‌ಬರ್ಗ್ ಎಂದರೇನೆಂದು ಗೊತ್ತಿರಲಿಲ್ಲ. ಆದರೆ ಗೆಟ್ಟಿಸ್‌ಬರ್ಗಿನ ತೋಪಿನ ಸದ್ದು ಅವನ ಅಡತಿ ಅಂಗಡಿಯ ದರದಲ್ಲಿ ಕೇಳಿಸುತ್ತಿತ್ತು!

ದರ ಏರಿದ ರಭಸಕ್ಕೆ ಮುಂಬಯಿ ಹುಚ್ಚೆದ್ದಿತು. ರೈತರು ಬಂಡಿಯ ಗಾಲಿಗೆ ಬೆಳ್ಳಿಯ ಪಟ್ಟಿ ಹಾಕಿಸಿದರೆಂಬ ಕಥೆಗಳು ಹುಟ್ಟಿದವು. ಹತ್ತಿಯಲ್ಲಿ ಕಲಬೆರಕೆ ಎಷ್ಟು ನಡೆಯಿತೆಂದರೆ ಅದನ್ನು ತಡೆಯಲು 1863ರಲ್ಲಿ ಮುಂಬಯಿ ಸರಕಾರ ಕಾಯ್ದೆಯನ್ನೇ ತರಬೇಕಾಯಿತು.

ಆ ಹೊತ್ತಿಗೆ ಹ್ಯಾಮಂಡ್ ಏನು ಮಾಡುತ್ತಿದ್ದ? ಅಧ್ಯಕ್ಷ ಚುನಾವಣೆಯಲ್ಲಿ ಲಿಂಕನ್ ಗೆದ್ದೊಡನೆ 1860ರ ನವೆಂಬರ್‌ನಲ್ಲಿ ಸೆನೆಟ್ ಬಿಟ್ಟು ರೆಡ್‌ಕ್ಲಿಫ್ ಎಂಬ ತನ್ನ ಹೊಸ ಬಂಗಲೆ ಸೇರಿಕೊಂಡಿದ್ದ. ಆಗ ಅವನ ಗುಲಾಮರ ಸಂಖ್ಯೆ ಮುನ್ನೂರು ದಾಟಿತ್ತು. ಯುದ್ಧದ ನಡುವೆ ಅವನದೇ ಪಕ್ಷದ ಸೈನ್ಯ ಅವನ ಜೋಳ ಕೇಳಿ ಆಜ್ಞೆಪತ್ರ ಕಳಿಸಿದಾಗ ಅದನ್ನು ಹರಿದು ಕಿಟಕಿಯಿಂದ ಎಸೆದನಂತೆ. ಇದಕ್ಕೆ ಒಪ್ಪಿದರೆ ನನ್ನ ಹಣೆಯ ಮೇಲೆ ಗುಲಾಮ ಎಂದು ಬರೆ ಹಾಕಿದಂತೆ ಎಂದನಂತೆ. ಆ ಮಾತು ಓದಿದಾಗ ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

1864ರ ನವೆಂಬರ್ 13ರಂದು, 57 ತುಂಬಲು ಎರಡೇ ದಿನ ಇರುವಾಗ ಹ್ಯಾಮಂಡ್ ಸತ್ತ. ಅವನ ಹುಟ್ಟುಹಬ್ಬದ ದಿನವೇ, ನವೆಂಬರ್ 15ರಂದು, ಉತ್ತರದ ದಂಡನಾಯಕ ಶರ್ಮನ್ ಅಟ್ಲಾಂಟಾ ಬಿಟ್ಟು ಕಡಲಿನತ್ತ ಹೊರಟ. ಹ್ಯಾಮಂಡ್ ಎಣಿಸಿದ್ದ ಮೂರು ವರ್ಷ ಆಗಲೇ ದಾಟಿತ್ತು. ಇಂಗ್ಲೆಂಡ್ ನಿಂತೇ ಇತ್ತು. ತಲೆಕೆಳಗಾಗಿ ಉರುಳಿದ್ದು ಅವನ ನಾಡು.

ಇಲ್ಲಿ ಸಿಹಿ ಹಂಚಿ ಕಥೆ ಮುಗಿಸುವಂತಿಲ್ಲ. 1865ರಲ್ಲಿ ಅಲ್ಲಿ ಯುದ್ಧ ನಿಂತಿತು, ಇಲ್ಲಿ ದರ ಕುಸಿಯಿತು. ಮುಂಬಯಿಯ ಸಾವ್ಕಾರರು ರಾತ್ರೋರಾತ್ರಿ ದಿವಾಳಿಯಾದರು. ಏರಿದ ದರ ನಂಬಿ ಸಾಲ ಮಾಡಿದ್ದ ರೈತನಿಗೆ ಬೆಳ್ಳಿಯ ಪಟ್ಟಿ ಉಳಿಯಲಿಲ್ಲ, ಸಾಲದ ಪತ್ರ ಉಳಿಯಿತು. ಹತ್ತು-ಹನ್ನೆರಡು ವರ್ಷದಲ್ಲಿ, 1876ರ ಧಾತು ಬರ ಬಂದು ಊರೂರನ್ನೇ ಬರಿದುಮಾಡಿತು. ಕ್ಯಾರೊಲಿನಾದ ಸೊಕ್ಕು ಮುರಿದ ಮಣ್ಣಿಗೆ ತನ್ನ ಮಕ್ಕಳ ಹೊಟ್ಟೆ ತುಂಬಿಸಲಾಗಲಿಲ್ಲ.

ಆದರೆ ಒಂದು ಅರಿವು ಉಳಿದಿತ್ತು. ಈ ನೆಲದಲ್ಲಿ ಹತ್ತಿ ಬೆಳೆಯುತ್ತದೆ, ಅದನ್ನು ಕಡಲು ದಾಟಿಸಿಯೇ ನೂಲಬೇಕೆಂದಿಲ್ಲ. 1885ರಲ್ಲಿ ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಹುಟ್ಟಿತು. ಹೆಸರಿನಲ್ಲಿ ನೀರೇ ಮೊದಲು ನೋಡಿ! ಹಿಂದೆ ನಿಂತದ್ದು ಮುಂಬಯಿಯ ಫೋರ್ಬ್ಸ್ ಸಂಸ್ಥೆ, 1767ರಲ್ಲಿ ಬೇರುಬಿಟ್ಟ ಹಳೆಯ ವ್ಯಾಪಾರಿ ಮನೆ. 1887ರಲ್ಲಿ ಗಿರಣಿ ಸುತ್ತತೊಡಗಿತು. ಸದರ್ನ್ ಮರಾಠಾ ರೈಲೂ ಅದೇ ದಶಕದಲ್ಲಿ ಈ ಕಡೆ ಬಂತು. ಧುಮುಕುವ ಘಟಪ್ರಭೆಯೇ ಕದಿರು ತಿರುಗಿಸಿದಳು. ಇಲ್ಲೇ ಮೊದಲು ವಿದ್ಯುತ್ ಹುಟ್ಟಿದ್ದು ಎಂದು ಊರವರು ಇಂದಿಗೂ ಎದೆಯುಬ್ಬಿಸಿ ಹೇಳುತ್ತಾರೆ. ಅಲ್ಲಿಂದ ಗೋಕಾಕದ ಕಾಲವನ್ನು ಗಿರಣಿಯ ಭೋಂಗಾ ಅಳೆಯಿತು.

ಎಳೆಯ ಈ ತುದಿಗೆ ಬಂದಮೇಲೆ ಇನ್ನೊಂದು ಕುತೂಹಲ ಹುಟ್ಟಿತು. ಅಲ್ಲಿ ಹ್ಯಾಮಂಡ್ ಇದ್ದ. ಸಾವಿರಾರು ಎಕರೆಯ ಒಡೆಯರು, ಸಭೆ ಸಮಾರಂಭಗಳ ಮುಂದಾಳುಗಳು ನಮ್ಮಲ್ಲೂ ಇದ್ದರಲ್ಲ? ಅವರು ಏನು ಬಿಟ್ಟುಹೋದರು?

ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿಗೆ ಹೋದೆ. ಘಟಪ್ರಭೆಗೆ ಅಡ್ಡಲಾಗಿ ನಿಂತ ಜಲಾಶಯದ ಹೆಸರು ರಾಜಾ ಲಖಮಗೌಡ ಜಲಾಶಯ. ವಂಟಮುರಿಯ ಸರದೇಸಾಯಿ ಮನೆತನದ ಲಖಮಗೌಡರು. ಬೆಳಗಾವಿಯಲ್ಲಿ 1939ರಲ್ಲಿ ಶುರುವಾದ ಕಾನೂನು ಕಾಲೇಜಿಗೂ ಅವರದೇ ಹೆಸರು. ಅತ್ತ ಸವದತ್ತಿ ತಾಲ್ಲೂಕಿನಲ್ಲಿ ಸಿರಸಂಗಿಯ ಲಿಂಗರಾಜ ದೇಸಾಯಿ. ಅವರು ಹುಟ್ಟಿದ ವರ್ಷ ನೋಡಿ ಬೆಚ್ಚಿದೆ, 1861! ಹ್ಯಾಮಂಡ್‌ನ ಜಗತ್ತಿಗೆ ಬೆಂಕಿ ಬಿದ್ದ ವರ್ಷವೇ. ದತ್ತಕ ಬಂದು ದೇಸಗತಿಯ ಒಡೆಯರಾದವರು, 1904ರಲ್ಲಿ ವೀರಶೈವ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷರು. 1906ರಲ್ಲಿ ತೀರಿಕೊಳ್ಳುವ ಮುಂಚೆ ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆಂದು ಬರೆದಿಟ್ಟರು. ಆ ಹಣದಿಂದ ಎಷ್ಟೋ ಹಳ್ಳಿ ಹುಡುಗರು ಕಾಲೇಜಿನ ಮೆಟ್ಟಿಲು ಹತ್ತಿದರು.

ದೇಸಗತಿಯೆಂದರೆ ಹಾಲುಜೇನಲ್ಲ. ಅಲ್ಲಿಯೂ ಬಿಟ್ಟಿ ದುಡಿಮೆ ಇತ್ತು, ವಾಡೆಯ ಅಂಗಳದಲ್ಲಿ ಬಗ್ಗಿದ ಬೆನ್ನುಗಳಿದ್ದವು. ಹೊಲ ಉತ್ತವನ ಹೆಸರು ಪಹಣಿಯಲ್ಲಿ ಇರುತ್ತಿರಲಿಲ್ಲ. ಈ ಮಾತಿಗೆ ಕೊನೆಯ ಗಂಟು ಹಾಕಿದ್ದು ಯಾವ ಪುಸ್ತಕವೂ ಅಲ್ಲ, ಮೂಡಲಗಿ ಹತ್ತಿರದ ಒಬ್ಬ ರೈತರು.

ಮೂಡಲಗಿಯ ದನದ ಸಂತೆಯಿಂದ ತಿರುಗಿ ಹೊರಟಿದ್ದರು. ಸುತ್ತ ಕಾಲುವೆ ನೀರಿನ ಕಬ್ಬು, ಗೋವಿನಜೋಳ, ಅರಿಷಿಣ. ಅವರ ಹೊಲದ ಒಂದು ಪಟ್ಟಿಯಲ್ಲಿ ಮಾತ್ರ ಹತ್ತಿ. ಬಿಟಿ ಬೀಜ. ಎಲ್ಲಿಯದೆಂದು ಗೊತ್ತೇ? ಆ ಗಿಡದ ಜಾತಿ, 1840ರಲ್ಲಿ ಹಡಗಿನಲ್ಲಿ ಬಂದ ಅಮೆರಿಕದ ಹತ್ತಿಯದೇ ಜಾತಿ! ಅದರೊಳಗೆ ಸೇರಿಸಿದ ಗುಣವೂ 2002ರಲ್ಲಿ ಅಮೆರಿಕದ ಕಂಪನಿಯ ಮೂಲಕವೇ ಬಂದದ್ದು. ಹ್ಯಾಮಂಡ್ ಹೋದ, ಹತ್ತಿ ಮಾತ್ರ ಇನ್ನೂ ಬರುತ್ತಲೇ ಇದೆ.

ಬದುವಿನ ಮೇಲೆ ಕೂತು ಇಡೀ ಕಥೆ ಹೇಳಿದೆ. ಅವರು ತಂಬಾಕು ತಿಕ್ಕುತ್ತ ಕೇಳಿದರು. ಕೆಸರಿನ ತೊಲೆಯ ಮಾತು ಬಂದಾಗ ಕೈ ನಿಂತಿತು.

"ಸರs, ನಮ್ಮಪ್ಪ ಈ ಹೊಲಾನ ಲಾವಣಿ ಮಾಡತಿದ್ದ. ಎಪ್ಪತ್ನಾಕರ ಕಾಯ್ದೆ ಬಂತಲ್ಲ, ಉಳಾವನs ಒಡೆಯ ಅಂತ, ಆಮ್ಯಾಲ ನಮ್ಮ ಹೆಸರಿಗಾತು." ಸ್ವಲ್ಪ ತಡೆದು ಕೇಳಿದರು. "ಆ ನೂರಾ ನಲವತ್ತೇಳ ಮಂದೀಗೆ ಹೊಲ ಬಂತೇನ್ರಿ?"

1865ರ ಜನವರಿಯಲ್ಲಿ ಅದೇ ಶರ್ಮನ್, ಬಿಡುಗಡೆಯಾದ ಗುಲಾಮ ಕುಟುಂಬಗಳಿಗೆ ತಲಾ 40 ಎಕರೆಯವರೆಗೆ ಹಂಚಲು ಆಜ್ಞೆ ಮಾಡಿದ್ದ. ಕರಾವಳಿಯ ಪಟ್ಟಿಯಲ್ಲಿ ಸಾವಿರಾರು ಮಂದಿ ಹೊಲಕ್ಕೆ ಇಳಿದೂ ಇದ್ದರು. ಅದೇ ವರ್ಷ ಹೊಸ ಅಧ್ಯಕ್ಷ ಆ್ಯಂಡ್ರೂ ಜಾನ್ಸನ್ ಅದನ್ನು ಹಿಂದೆಗೆದು, ನೆಲವನ್ನು ಹಳೆಯ ಧಣಿಗಳಿಗೇ ತಿರುಗಿ ಕೊಡಿಸಿದ. ಹ್ಯಾಮಂಡ್‌ನ ರೆಡ್‌ಕ್ಲಿಫ್ ಬಂಗಲೆ ಈಗ ಸರಕಾರದ ಸ್ಮಾರಕ, ನೋಡಲು ಜನ ಬರುತ್ತಾರೆ.

"ಇಲ್ರಿ. ಕೊಡತೇವಿ ಅಂದ್ರು, ಕಸಗೊಂಡ್ರು," ಅಂದೆ.

ಅವರು ಮಾತಾಡಲಿಲ್ಲ. ಎದ್ದು ಹೋಗಿ, ಅರೆಬಿರಿದ ಒಂದು ಹತ್ತಿಕಾಯಿ ಕಿತ್ತು ತಂದು ನನ್ನ ಅಂಗೈಯಲ್ಲಿಟ್ಟರು. ಅವರ ಬೆರಳ ಸಂದಿಯ ಎರಿ ಮಣ್ಣು ಬಿಳಿ ಅರಳೆಗೂ ತುಸು ಹತ್ತಿತ್ತು. ಒರೆಸಲು ಹೋಗಲಿಲ್ಲ. ಹಾಗೆಯೇ ಕಾಗದದಲ್ಲಿ ಸುತ್ತಿಕೊಂಡು ಗೋಕಾಕದ ಬಸ್ಸು ಹತ್ತಿದೆ.